ಹಾಸನ, ಚಿಕ್ಕಮಗಳೂರಿನಲ್ಲಿ ಕೂತು ಫ್ಯಾಂಟಸಿ ಕಾದಂಬರಿ ಬರೆಯುವುದು ಹೇಗೆ?

ಫ್ಯಾಂಟಸಿ ಬರೆಯಬೇಕು ಅಂತ ಹೊರಟ ನಮ್ಮ ಕಡೆಯ ಹುಡುಗ ಹುಡುಗಿಯರ ಮೊದಲ ಅಧ್ಯಾಯ ಓದಿದರೆ ಬಹಳ ಸಲ ಹಿಮ ಬೀಳುವ ಕೋಟೆ ಇರುತ್ತದೆ. ಬೆಂಕಿ ಉಗುಳುವ ಡ್ರ್ಯಾಗನ್ ಇರುತ್ತದೆ. ಮುಸುಕು ಹಾಕಿಕೊಂಡ ಮಂತ್ರವಾದಿ ಒಬ್ಬ ಇದ್ದೇ ಇರುತ್ತಾನೆ. ಬರೆದವರ ಮನೆ ಮಾತ್ರ ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ಇರುತ್ತದೆ. ಹಿಮ ನೋಡದವರು ಹಿಮದ ಬಗ್ಗೆ ಬರೆಯಬಾರದು ಅಂತೇನಿಲ್ಲ. ಆದರೆ ಆಶ್ಲೇಷ ಮಳೆಯಲ್ಲಿ ಬೆಳೆದವರಿಗೆ ಮಳೆಯ ಬಗ್ಗೆ ಗೊತ್ತಿರುವಷ್ಟು ಹಿಮದ ಬಗ್ಗೆ ಗೊತ್ತಿರುವುದಿಲ್ಲ. ಆ ಕೊರತೆ ಪ್ರತಿ ವಾಕ್ಯದಲ್ಲೂ ಕಾಣುತ್ತದೆ.

ಈ ಲೇಖನ ಅಂಥವರಿಗಾಗಿ. ಮುಖ್ಯವಾಗಿ ನಾನು ಹೇಳುವುದು ಒಂದೇ ಮಾತು. ಈ ಎರಡು ಜಿಲ್ಲೆಗಳ ದೇವರು, ದೆವ್ವ, ಕಲ್ಲು, ಕೋಟೆಗಳನ್ನು ಎತ್ತಿ ಹಾಗೇ ಕಾದಂಬರಿಯೊಳಗೆ ಇಡಬೇಡಿ. ಅವುಗಳ ಹಿಂದೆ ಇರುವ ಕಟ್ಟುಪಾಡನ್ನು ತಗೊಳ್ಳಿ. ಬಾಗಿಲು ಯಾವಾಗ ತೆಗೆಯಬೇಕು, ಯಾರು ಮುಟ್ಟಬಾರದು, ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ. ಫ್ಯಾಂಟಸಿ ನಿಲ್ಲುವುದು ಇವುಗಳ ಮೇಲೆ.

ಮೊದಲು ಒಂದು ಕಟ್ಟುಪಾಡು ಹಿಡಿಯಿರಿ

ಕಥೆ, ಪಾತ್ರ, ಯುದ್ಧ ಎಲ್ಲ ಆಮೇಲೆ. ಮೊದಲು ನಿಮ್ಮ ಲೋಕದಲ್ಲಿ ಯಾರೂ ಮೀರಲಾಗದ ಒಂದು ನಿಯಮ ಬೇಕು.

ಹಾಸನಾಂಬ ದೇವಸ್ಥಾನವನ್ನೇ ನೋಡಿ. ಆಶ್ವೀಜ ಹುಣ್ಣಿಮೆ ಕಳೆದ ಮೇಲೆ ಬರುವ ಮೊದಲ ಗುರುವಾರ ಬಾಗಿಲು ತೆಗೆಯುತ್ತಾರೆ. ದೀಪಾವಳಿ ಮುಗಿದ ಮೇಲೆ ಮುಚ್ಚಿದರೆ ಮತ್ತೆ ತೆಗೆಯುವುದು ಮುಂದಿನ ವರ್ಷವೇ. ಹಚ್ಚಿಟ್ಟ ದೀಪ ಆರುವುದಿಲ್ಲ, ಇಟ್ಟ ಹೂವು ಬಾಡುವುದಿಲ್ಲ ಅನ್ನುವುದು ಭಕ್ತರ ನಂಬಿಕೆ. ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ. ಅಲ್ಲೇ ‘ಸೊಸೆ ಕಲ್ಲು’ ಅಂತ ಒಂದಿದೆ. ಅತ್ತೆಯ ಕಾಟ ತಾಳಲಾರದೆ ಅಮ್ಮನನ್ನು ಕೂಗಿದ ಸೊಸೆ ಕಲ್ಲಾದಳು, ಆ ಕಲ್ಲು ವರ್ಷಕ್ಕೊಂದು ಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅಂತ ಹಿರಿಯರು ಹೇಳುತ್ತಾರೆ.

ಹಾಸನದವರಿಗೆ ಇದು ಚಿಕ್ಕಂದಿನಿಂದ ಕೇಳಿದ ಕಥೆ. ಕಾದಂಬರಿಕಾರರಾಗಿ ಒಮ್ಮೆ ಕೇಳಿ ನೋಡಿ. ವರ್ಷಕ್ಕೆ ಕೆಲವೇ ದಿನ ತೆಗೆಯುವ ಬಾಗಿಲು ಇದೆ. ಕಣ್ಣಿಗೆ ಕಾಣದಷ್ಟು ನಿಧಾನವಾಗಿ ನಡೆಯುವ ಗಡಿಯಾರ ಇದೆ. ಆ ಗಡಿಯಾರದ ಮುಳ್ಳು ಒಬ್ಬ ನೊಂದ ಹೆಣ್ಣುಮಗಳು. ಲೋಕ ಮುಗಿಯುವುದು ರಾಕ್ಷಸ ಸೈನ್ಯದಿಂದಲ್ಲ, ಅವಳು ತವರು ಸೇರುವುದರಿಂದ! ಇಷ್ಟು ಗಟ್ಟಿಯಾದ ಕಲ್ಪನೆ ನಮ್ಮ ಸಂತೇಪೇಟೆಯ ಮಾತುಕತೆಯಲ್ಲಿ ಓಡಾಡುತ್ತಿರುವಾಗ ಬೇರೆ ಕಡೆಯಿಂದ ಸಾಲ ತರುವ ಅಗತ್ಯ ಏನಿದೆ?

ಹಾಗಂತ ಹಾಸನಾಂಬೆಯನ್ನೇ ಪಾತ್ರ ಮಾಡಬೇಡಿ. ಅದು ಜನ ಸಾಲಿನಲ್ಲಿ ನಿಂತು ಕೈಮುಗಿಯುವ ದೇವರು. ಆ ನಂಬಿಕೆಯನ್ನು ಅದರ ಪಾಡಿಗೆ ಬಿಡೋಣ. ನಿಮಗೆ ಬೇಕಾಗಿರುವುದು ಅದರ ಒಳಗಿನ ಲೆಕ್ಕ ಅಷ್ಟೇ. ‘ಒಂದು ವಸ್ತು ವರ್ಷಕ್ಕೆ ಒಂದು ಕಾಳಿನಷ್ಟು ಸರಿಯುತ್ತದೆ, ತಲುಪಿದ ದಿನ ಏನೋ ಮುಗಿಯುತ್ತದೆ’ ಅಂತ ಹಾಳೆಯ ಮೇಲೆ ಬರೆಯಿರಿ. ಅದರ ಕೆಳಗೆ ಪ್ರಶ್ನೆ ಹಾಕುತ್ತಾ ಹೋಗಿ.

ಸರಿದದ್ದನ್ನು ಅಳೆಯುವವರು ಯಾರು? ಒಂದು ಮನೆತನ ಇರಲಿ. ಅಳೆಯುವುದು ಯಾವುದರಿಂದ? ಮೇಣ ತೀಡಿದ ನೂಲಿನಿಂದ. ಅಳತೆ ಹೇಳುವ ಹಕ್ಕು ಯಾರದು? ಮನೆಯ ಹೆಣ್ಣುಮಕ್ಕಳದು ಮಾತ್ರ. ಸುಳ್ಳು ಹೇಳಿದರೆ? ಹೇಳಿದವಳ ಆಯುಸ್ಸು ಕಳೆಯುತ್ತದೆ. ಒಂದು ವರ್ಷ ಕಲ್ಲು ಎರಡು ಕಾಳು ಸರಿದರೆ? ಊರಿಗೆ ಹೇಳಿದರೆ ಊರು ಬಿಟ್ಟು ಓಡುತ್ತದೆ. ಒಂದೇ ಕಾಳು ಅಂತ ಸುಳ್ಳು ಹೇಳಿದರೆ ಹುಡುಗಿ ಆಯುಸ್ಸು ಕಳೆದುಕೊಳ್ಳುತ್ತಾಳೆ. ಇಲ್ಲಿಗೆ ನಿಮ್ಮ ಕಾದಂಬರಿ ಶುರುವಾಯಿತು. ಇದರಲ್ಲಿ ಹಾಸನಾಂಬೆ ಇಲ್ಲ, ಹಾಸನವೂ ಇಲ್ಲ. ಆದರೂ ಇಲ್ಲಿಯವರು ಓದಿದರೆ ಇದು ನಮ್ಮದೇ ಕಥೆ ಅನ್ನಿಸುತ್ತದೆ.

ಮಾಯೆಗೆ ಬೆಲೆ ಇರಲೇಬೇಕು ಅನ್ನುವುದು ಫ್ಯಾಂಟಸಿಯ ದೊಡ್ಡ ಪಾಠ. ಕೈ ಬೀಸಿದರೆ ಬೆಟ್ಟ ಸರಿಯುವ ನಾಯಕನ ಬಗ್ಗೆ ಓದುಗರಿಗೆ ಆತಂಕವೇ ಆಗುವುದಿಲ್ಲ. ಬೆಲೆ ಅಂದರೆ ಏನು ಅಂತ ತಿಳಿಯಬೇಕಾದರೆ ಹಳೇಬೀಡಿಗೆ ಹೋಗಿ, ಅಲ್ಲಿಯ ಗರುಡಗಂಬದ ಮುಂದೆ ನಿಲ್ಲಿ. ಹೊಯ್ಸಳ ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ನೆಚ್ಚಿನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಮತ್ತು ಹಿಂಬಾಲಕರು ಪ್ರಾಣ ಕೊಟ್ಟರು. ಆ ಸುದ್ದಿ ಕಂಬದ ಶಾಸನದಲ್ಲಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಆಳುಗಳ ಚಿತ್ರ ಕಂಬದ ಮೇಲೆಯೇ ಇದೆ. ಒಡೆಯನ ಜೊತೆ ಸಾಯುತ್ತೇವೆ ಅಂತ ಬದುಕಿರುವಾಗಲೇ ಭಾಷೆ ಕೊಟ್ಟವರನ್ನು ಗರುಡರು, ಲೆಂಕರು, ವೇಳೆವಾಳಿಗಳು ಅಂತ ಕರೆಯುತ್ತಿದ್ದರು. ಇದರಿಂದ ತೆಗೆಯಬಹುದಾದ ನಿಯಮ ಹೀಗೆ: ರಾಜನಿಗೆ ಯಾರು ಪ್ರಾಣದ ಭಾಷೆ ಕೊಡುತ್ತಾರೋ ಅವರ ಬಲ ರಾಜನಿಗೆ ಬರುತ್ತದೆ, ರಾಜ ಸತ್ತರೆ ಅವರೂ ಹೋಗುತ್ತಾರೆ. ಈಗ ಆ ರಾಜ ಯುದ್ಧಕ್ಕೆ ಹೊರಟರೆ ಅವನಿಗಿಂತ ಜಾಸ್ತಿ ಹೆದರುವವರು ಮನೆಯಲ್ಲಿ ಉಳಿದವರು.

ಇಂಥ ಕಟ್ಟುಪಾಡುಗಳು ಎಲ್ಲ ಕಡೆ ಇವೆ. ಸುಗ್ಗಿಯ ದಿನಗಳಲ್ಲಿ ಊರಿನಲ್ಲಿ ಏನೇನು ಮಾಡಬಾರದು, ದೇವರಕಾಡಿನಿಂದ ಏನನ್ನು ತರಬಾರದು, ಚೌಡಿಗೆ ಏನು ಕೊಡಬೇಕು ಅಂತ ನಿಮ್ಮ ಅಜ್ಜಿಯನ್ನೋ ಪಕ್ಕದ ಮನೆಯ ಹಿರಿಯರನ್ನೋ ಕೇಳಿ. ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಬೇಲೂರಿನ ಆ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದೇ ಇದರಿಂದ. ಶಾಪವನ್ನು ಕಲ್ಲು ಮೆತ್ತಗಿರುವಾಗಲೇ ಕೆತ್ತಿ ಮುಗಿಸಬೇಕು ಅಂತ ಒಂದು ನಿಯಮ ಮಾಡಿ ನೋಡಿ. ಶಿಲ್ಪಿಯ ಕೈ ತಾನಾಗಿಯೇ ನಡುಗುತ್ತದೆ.

ಒಂದು ಎಚ್ಚರಿಕೆ. ನಿಯಮ ಒಂದೋ ಎರಡೋ ಸಾಕು. ಹತ್ತು ನಿಯಮ ಹಾಕಿದರೆ ಓದುಗರಿಗೆ ನೆನಪಿಟ್ಟುಕೊಳ್ಳುವುದೇ ಕೆಲಸವಾಗುತ್ತದೆ. ಹಾಕಿದ ನಿಯಮವನ್ನು ಕೊನೆಯ ಅಧ್ಯಾಯದಲ್ಲಿ ನೀವೇ ಮುರಿಯಬೇಡಿ.

ಹೆಸರುಗಳನ್ನು ಶಾಸನದಿಂದ ಕಲಿಯಿರಿ

‘ಝೋರಾಥ್’, ‘ಎಲ್ಡ್ರಿಯಾ’ ಅನ್ನುವಂಥ ಹೆಸರು ಕನ್ನಡದ ಬಾಯಿಗೆ ಹತ್ತುವುದಿಲ್ಲ. ಗಟ್ಟಿಯಾಗಿ ಓದಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಹೆಸರಿನ ಬರಗಾಲ ಇಲ್ಲವೇ ಇಲ್ಲ.

ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ ಹಾಸನ ಜಿಲ್ಲೆಯದು, 1902ರಲ್ಲಿ ಬಂತು. 6ನೇ ಸಂಪುಟ ಆಗ ಕಡೂರು ಜಿಲ್ಲೆ ಅನ್ನಿಸಿಕೊಂಡಿದ್ದ ಚಿಕ್ಕಮಗಳೂರಿನದು, 1901ರದು. ಎರಡೂ ಸ್ಕ್ಯಾನ್ ಆಗಿ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಸಾಲು ಸಾಲಾಗಿ ಓದಬೇಕಾಗಿಲ್ಲ. ಹೆಸರುಗಳನ್ನಷ್ಟೇ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಬೇಲೂರಿನ ಶಿಲ್ಪಿಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ನುಗ್ಗೇಹಳ್ಳಿಯಲ್ಲಿ ಬೈಚೋಜ, ಮಲ್ಲಿತಮ್ಮ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕಟ್ಟಿಸಿದ್ದು ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಶಾಂತಲೆಯ ತಾಯಿ ಮಾಚಿಕಬ್ಬೆ.

ನಾಲ್ಕು ಪುಟ ತುಂಬುವಷ್ಟರಲ್ಲಿ ಹೆಸರುಗಳ ಜಾಡು ಸಿಗುತ್ತದೆ. ಕಲ್ಲು, ಲೋಹದ ಕೆಲಸ ಮಾಡುವವರ ಹೆಸರಿನ ಕೊನೆಗೆ ‘ಓಜ’ ಬರುತ್ತದೆ. ಹೆಂಗಸರಿಗೆ ‘ಲೆ’ ಅಥವಾ ‘ಅಬ್ಬೆ’. ಈ ಜಾಡಿನಲ್ಲೇ ಹೊಸ ಹೆಸರು ಕಟ್ಟಿ. ‘ಕೇತಲೆ’, ‘ನೂಲೋಜ’ ಅಂದರೆ ಓದುಗರಿಗೆ ಯಾರೂ ವಿವರಿಸದೇ ಇವಳು ಹೆಣ್ಣು, ಇವನು ಕೈಕೆಲಸದವನು ಅಂತ ತಿಳಿಯುತ್ತದೆ. ಅಲ್ವಾ? ಒಂದೇ ಅಕ್ಷರದಿಂದ ಶುರುವಾಗುವ ಎರಡು ಮುಖ್ಯ ಹೆಸರು ಮಾತ್ರ ಬೇಡ. ಕೇತಲೆ, ಕೇಶವ, ಕೇಸರಿ ಮೂವರೂ ಒಂದೇ ಪುಟದಲ್ಲಿ ಬಂದರೆ ಓದುಗರು ಎಡವುತ್ತಾರೆ.

ನಕ್ಷೆ, ದೂರ, ಮಳೆ

ನಕ್ಷೆ ಚೆನ್ನಾಗಿರಬೇಕಾಗಿಲ್ಲ. ಲೆಕ್ಕ ಸರಿಯಿರಬೇಕು. ಗುರುತಿರುವ ದೂರದಿಂದ ಶುರು ಮಾಡಿ. ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ. ಹೇರು ತುಂಬಿದ ಎತ್ತಿನ ಗಾಡಿ ಗಂಟೆಗೆ 3–4 ಕಿ.ಮೀ. ಹೋಗುತ್ತದೆ ಅಂದುಕೊಂಡರೆ ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುತ್ತಾರೆ. ಗಟ್ಟಿ ಆಳು ದಿನಕ್ಕೆ 25–30 ಕಿ.ಮೀ. ನಡೆಯುತ್ತಾನೆ. ಘಟ್ಟ ಹತ್ತುವಾಗ ಅದರ ಅರ್ಧ ಹೋದರೆ ಹೆಚ್ಚು. ನಿಮ್ಮ ಕಲ್ಪಿತ ರಾಜ್ಯದ ಎರಡು ಊರುಗಳ ನಡುವೆ ಈ ಲೆಕ್ಕ ಹಾಕಿ. ಆಗ ಓಲೆ ಮೂರು ದಿನ ತಡವಾಗಿ ಬಂದದ್ದಕ್ಕೆ ಕಾರಣ ಹುಡುಕಬೇಕಾಗುವುದಿಲ್ಲ.

ನೆಲದ ಏರುಪೇರನ್ನೂ ಇಲ್ಲಿಂದಲೇ ಕಲಿಯಬಹುದು. ಕುದುರೆಮುಖದ ಸಾಲಿನಲ್ಲಿ ಹುಟ್ಟಿದ ತುಂಗಾ, ಭದ್ರಾ ಪೂರ್ವಕ್ಕೆ ಹೋಗಿ ಕೊನೆಗೆ ಬಂಗಾಳ ಕೊಲ್ಲಿ ಸೇರುತ್ತವೆ. ಅದೇ ಸಾಲಿನ ನೇತ್ರಾವತಿ ಪಶ್ಚಿಮಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ. ಒಂದೇ ಬೆಟ್ಟದ ನೀರು ಎರಡು ಕಡಲಿಗೆ! ಎರಡು ರಾಜ್ಯಗಳ ಜಗಳಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯೊಳಗೇ ಕೊಟ್ಟಿಗೆಹಾರದಲ್ಲಿ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ, ಕಡೂರಿನಲ್ಲಿ ತೆಂಗಿನ ಮರಕ್ಕೆ ನೀರಿಲ್ಲ ಅಂತ ಗೋಳು. ಎರಡೂ ಕಡೆ ಮನೆ ಕಟ್ಟುವ ರೀತಿ, ಉಣ್ಣುವ ಅನ್ನ, ಬೈಯುವ ಬೈಗುಳ ಎಲ್ಲ ಬೇರೆ. ಸಕಲೇಶಪುರದ ಮಂಜರಾಬಾದ್ ಕೋಟೆಗೂ ಹೋಗಿ ಬನ್ನಿ. 1792ರಲ್ಲಿ ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಿರುವ ಕೋಟೆ. ಒಳಗೆ ನಿಂತವರಿಗೆ ಆ ಆಕಾರ ತಿಳಿಯುವುದೇ ಇಲ್ಲ, ಮೇಲಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಆಕಾರವನ್ನು ಯಾರಿಂದ ಬಚ್ಚಿಡಬೇಕು, ಯಾರಿಗೆ ತೋರಿಸಬೇಕು ಅಂತ ಯೋಚಿಸುವುದಕ್ಕೆ ಆ ಕೋಟೆ ಒಳ್ಳೆಯ ಜಾಗ.

ಪಂಚಾಂಗವನ್ನೂ ಹೊಸದಾಗಿ ಹುಟ್ಟಿಸಬೇಡಿ. ಮಳೆ ನಕ್ಷತ್ರಗಳಿವೆಯಲ್ಲ! ವರ್ಷವನ್ನು 27 ನಕ್ಷತ್ರಕ್ಕೆ ಹಂಚಿದರೆ ಒಂದೊಂದಕ್ಕೆ ಹದಿಮೂರು, ಹದಿನಾಲ್ಕು ದಿನ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಗಾದೆಯೇ ಇದೆ. ‘ಮೂರನೆಯ ತಿಂಗಳ ಹತ್ತನೆಯ ದಿನ ದಾಳಿ ಆಯಿತು’ ಅನ್ನುವುದಕ್ಕಿಂತ ‘ಪುನರ್ವಸು ಹಿಡಿದ ಮೇಲೆ ಹೊಳೆ ದಾಟುವ ಹಾಗಿಲ್ಲ, ಅದಕ್ಕೇ ಆರಿದ್ರೆಯಲ್ಲೇ ಬಂದುಬಿಟ್ಟರು’ ಅಂದರೆ ಕಾಲವೂ ಸಿಕ್ಕಿತು, ಕಾರಣವೂ ಸಿಕ್ಕಿತು.

ಪ್ರಾಣಿಗಳು

ಹೊಯ್ಸಳ ಗೋಡೆಯ ಮಕರವನ್ನು ಹತ್ತಿರ ಹೋಗಿ ನೋಡಿ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಕಾಲು ಸಿಂಹದ್ದು, ಬಾಲ ನವಿಲಿನದು. ಒಂದೊಂದು ಭಾಗವೂ ಗೊತ್ತಿರುವ ಪ್ರಾಣಿಯದೇ, ಸೇರಿದಾಗ ಮಾತ್ರ ಹೊಸದು. ಓದುಗರಿಗೆ ಅರ್ಧ ಪರಿಚಯ ಇರುವ ಪ್ರಾಣಿಯೇ ಹೆಚ್ಚು ಹೆದರಿಸುತ್ತದೆ. ಬೇಲೂರಿನಲ್ಲಿ ಇನ್ನೊಂದು ಕೆತ್ತನೆ ಇದೆ. ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವುದು. ಪಕ್ಕದಲ್ಲಿ ಒಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ನಿಮ್ಮ ಲೋಕದಲ್ಲಿ ಯಾರು ಯಾರನ್ನು ತಿನ್ನುತ್ತಾರೆ ಅನ್ನುವ ಸರಪಳಿಯನ್ನು ಹೀಗೆ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಆ ಋಷಿಯ ಜಾಗದಲ್ಲಿ ಯಾರು ನಿಂತಿದ್ದಾರೆ ಅನ್ನುವುದನ್ನೂ ಬರೆಯಿರಿ. ಅವರೇ ನಿಮ್ಮ ಕಥೆ ಹೇಳುವವರಾಗಬಹುದು.

ಕಥೆಗೆ ಚೌಕಟ್ಟು

ಇದಕ್ಕೆ ವೀರಗಲ್ಲು ಸಾಕು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಹೊಸಬರ ಫ್ಯಾಂಟಸಿಯಲ್ಲಿ ಕೆಳಗಿನ ಪಟ್ಟಿಕೆಯೇ ಮುನ್ನೂರು ಪುಟ ಹಿಡಿದಿರುತ್ತದೆ. ನಡುವಿನ ಪಟ್ಟಿಕೆ, ಅಂದರೆ ಸೋತ ಅಥವಾ ಗೆದ್ದ ಮೇಲೆ ಮನುಷ್ಯ ಏನಾದ ಅನ್ನುವುದು, ಕಾಣುವುದೇ ಇಲ್ಲ. ನಿಮ್ಮ ಅಧ್ಯಾಯಗಳ ಪಟ್ಟಿಯಲ್ಲಿ ನಡುವಿನದಕ್ಕೆ ಮೂರನೇ ಒಂದು ಪಾಲಾದರೂ ಸಿಕ್ಕಿದೆಯಾ ಅಂತ ಎಣಿಸಿ ನೋಡಿ.

ಭಾಷೆ: ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕೊಡಿ

ಫ್ಯಾಂಟಸಿ ಅಂದ ತಕ್ಷಣ ಬಹಳ ಜನ ಪೌರಾಣಿಕ ನಾಟಕದ ಕನ್ನಡಕ್ಕೆ ಹಾರುತ್ತಾರೆ. ‘ಎಲೈ’, ‘ಮಹಾಮಾತೆಯೇ’, ‘ಉದ್ಗರಿಸಿದಳು’. ನಾಟಕದ ರಂಗದ ಮೇಲೆ ಆ ಭಾಷೆಗೆ ಗತ್ತು ಇದೆ. ಕಾದಂಬರಿಯಲ್ಲಿ ಪುಟಗಟ್ಟಲೆ ಓದುವಾಗ ಪಾತ್ರಗಳೆಲ್ಲ ಒಂದೇ ಥರ ಕೇಳಿಸುತ್ತವೆ. ಮೇಲೆ ಹೇಳಿದ ನೂಲಿನ ಕಥೆಯಿಂದ ಒಂದು ಸನ್ನಿವೇಶ ತಗೊಳ್ಳೋಣ. ಕಲ್ಲು ಎರಡು ಕಾಳು ಸರಿದಿದೆ, ಮೊಮ್ಮಗಳು ಅಳೆದು ಹೊರಗೆ ಬಂದಿದ್ದಾಳೆ.

ಮೊದಲ ರೀತಿ:

“ಓ ಮಾತಾಮಹಿಯೇ! ಶಿಲೆಯು ದ್ವಿಗುಣವಾಗಿ ಚಲಿಸಿದೆ! ಪ್ರಳಯವು ಸಮೀಪಿಸುತ್ತಿದೆ!” ಎಂದು ಕೇತಲೆಯು ಭಯಭೀತಳಾಗಿ ಉದ್ಗರಿಸಿದಳು.

ಎರಡನೆಯ ರೀತಿ:

ಗುಡಿಯ ಬಾಗಿಲು ಹಾಕಿಯಾಗಿತ್ತು. ಅಜ್ಜಿ ಮೆಟ್ಟಿಲ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು.
“ಎಷ್ಟ್ ಬಂದದೆ?”
“ಒಂದ್ ಕಾಳು ಕಣಜ್ಜಿ.”
ಅಜ್ಜಿ ತಲೆ ಎತ್ತಲಿಲ್ಲ. “ನೂಲ್ ತೋರ್ಸು.”
“ನೆಂದ್ಬುಟ್ಟದೆ. ಒಣಗಿಸ್ಕೊಡ್ತೀನಿ.”
“ನಿನ್ನಂಗೇ ನಾನೂ ಆ ನೂಲ್ ಹಿಡ್ದೋಳೆ ಮಗಾ. ಮೇಣ ತೀಡಿದ್ ನೂಲು ನೆನೆಯಾಕಿಲ್ಲ.”

ಎರಡನೆಯದರಲ್ಲಿ ಪ್ರಳಯ ಅನ್ನುವ ಮಾತೇ ಇಲ್ಲ. ಆದರೆ ಹುಡುಗಿ ಸುಳ್ಳು ಹೇಳಿದಳು, ಸುಳ್ಳಿಗೆ ಆಯುಸ್ಸು ತೆರಬೇಕು ಅನ್ನುವ ನಿಯಮ ಓದುಗರಿಗೆ ಗೊತ್ತಿದೆ, ಅಜ್ಜಿಗೂ ಗೊತ್ತಿದೆ. ಹೆದರಿಕೆ ಅಲ್ಲಿಂದ ಬರುತ್ತದೆ. ಮೇಣದ ನೂಲು ಅನ್ನುವ ಸಣ್ಣ ವಿವರವನ್ನು ಮೊದಲೇ ಒಂದು ಕಡೆ ಸುಮ್ನೆ ಹೇಳಿಟ್ಟಿದ್ದರೆ ಇಲ್ಲಿ ಅದು ಕೆಲಸಕ್ಕೆ ಬರುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ನಿರೂಪಣೆ ಸರಳ ಬರಹದ ಕನ್ನಡದಲ್ಲಿರುತ್ತದೆ. ಮಾತುಕತೆ ಪಾತ್ರದ ಊರಿನ ಕನ್ನಡದಲ್ಲಿರುತ್ತದೆ. ಅರಮನೆಯವರದೂ ಆಡುಮಾತೇ, ಆದರೆ ‘ನೀವು’, ‘ತಾವು’ಗಳ ಬಳಕೆಯಲ್ಲಿ ಅಂತಸ್ತು ಗೊತ್ತಾಗಬೇಕು. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾವ ಅಧ್ಯಾಯದಲ್ಲಿ ಅದು ಬಹುವಚನವಾಯಿತು ಅಂತ ಒಂದು ಪಟ್ಟಿ ಇಟ್ಟುಕೊಳ್ಳಿ. ಗಂಡ ಹೆಂಡತಿಯನ್ನು ಇದ್ದಕ್ಕಿದ್ದಂತೆ ‘ನೀವು’ ಅಂದರೆ ಜಗಳ ಎಷ್ಟು ದೂರ ಹೋಗಿದೆ ಅಂತ ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳಗನ್ನಡ ಬೇಕೇ ಬೇಕು ಅನ್ನಿಸಿದರೆ ಶಾಸನ, ಶಾಪ, ಹಾಡು ಈ ಮೂರು ಕಡೆ ಮಾತ್ರ ಬಳಸಿ, ಅದೂ ಎರಡು ಮೂರು ಸಾಲು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಸುಮಾರು ಕ್ರಿ.ಶ. 450ರ ಶಾಸನವನ್ನು ಗಟ್ಟಿಯಾಗಿ ಓದಿ ನೋಡಿ. ಅರ್ಥ ಪೂರ್ತಿ ಆಗದಿದ್ದರೂ ಕಿವಿಗೆ ಅದರ ತೂಕ ಗೊತ್ತಾಗುತ್ತದೆ. ಆ ತೂಕ ದಿನವೂ ಬಡಿಸುವ ಅಡುಗೆಯಲ್ಲ.

ಪ್ರತಿ ಅಧ್ಯಾಯ ಮುಗಿದ ಮೇಲೆ ಮಾತುಕತೆಗಳನ್ನು ಬಾಯಿಬಿಟ್ಟು ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಿ.

ದಿನದ ಕೆಲಸ

ಕನ್ನಡದಲ್ಲಿ ಕಾದಂಬರಿ ಬರೆದು ಸಂಸಾರ ಸಾಗಿಸುವವರು ತೀರಾ ವಿರಳ. ಆದ್ದರಿಂದ ಕೆಲಸ ಬಿಟ್ಟು ಬರೆಯಲು ಕೂರಬೇಡಿ. ಇದು ಧೈರ್ಯ ಕುಂದಿಸುವ ಮಾತಲ್ಲ. ಟೋಲ್ಕಿನ್ ಆಕ್ಸ್‌ಫರ್ಡ್‌ನಲ್ಲಿ ಪಾಠ ಮಾಡುತ್ತಲೇ ತಮ್ಮ ದೊಡ್ಡ ಕೃತಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದರು. 1937ರ ಕೊನೆಯಲ್ಲಿ ಶುರುವಾದದ್ದು ಅಚ್ಚಾಗಿ ಬಂದದ್ದು 1954–55ರಲ್ಲಿ. ಟೆರ್‍ರಿ ಪ್ರ್ಯಾಚೆಟ್ ಅನ್ನುವ ಫ್ಯಾಂಟಸಿ ಲೇಖಕರು ಇಂಗ್ಲೆಂಡಿನ ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದವರು. ನೌಕರಿ ಮಾಡುತ್ತಾ ದಿನಕ್ಕೆ 400 ಪದ ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದರು.

400 ಪದ ಅಂದರೆ ಕನ್ನಡದಲ್ಲಿ ಪುಸ್ತಕದ ಒಂದೂವರೆ ಪುಟ. ವರ್ಷದಲ್ಲಿ 200 ದಿನ ಬರೆದರೆ 80 ಸಾವಿರ ಪದ. ಕನ್ನಡ ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ 1/8 ಆಕಾರದಲ್ಲಿ ಮುನ್ನೂರು ಪುಟದ ಹತ್ತಿರ ಬರುತ್ತದೆ. ಮೊದಲ ಕಾದಂಬರಿಗೆ ಇದಕ್ಕಿಂತ ದೊಡ್ಡದು ಬೇಡ. ಕಾಗದದ ಬೆಲೆ ನೋಡಿದರೆ ಪ್ರಕಾಶಕರು ಹಿಂಜರಿಯುತ್ತಾರೆ.

ಯಾವ 200 ದಿನ ಅನ್ನುವುದನ್ನು ನಮ್ಮ ಕಡೆಯ ಕೆಲಸ ನೋಡಿ ತೀರ್ಮಾನಿಸಿ. ತೋಟ ಇದ್ದವರಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಳು, ಒಣಗಿಸುವ ಕಣ, ಮೋಡ ಅಂತ ತಲೆ ಪೂರ್ತಿ ಅಲ್ಲೇ ಇರುತ್ತದೆ. ಆಗ ಹೊಸದಾಗಿ ಬರೆಯುವುದು ಬೇಡ, ಹಿಂದೆ ಬರೆದದ್ದನ್ನು ರಾತ್ರಿ ಹೊತ್ತು ಓದಿ ಗುರುತು ಹಾಕಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ಬರವಣಿಗೆಗೆ ಹೇಳಿ ಮಾಡಿಸಿದ ಕಾಲ. ಆದರೆ ಮಲೆನಾಡಿನಲ್ಲಿ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಆ ತಿಂಗಳುಗಳಲ್ಲಿ ಕೈಬರಹವೇ ವಾಸಿ. ದಪ್ಪ ರಟ್ಟಿನ ನೋಟ್‌ಬುಕ್, ಪೆನ್ಸಿಲ್ ಇಟ್ಟುಕೊಳ್ಳಿ. ತೇವಕ್ಕೆ ಇಂಕು ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಕರೆಂಟ್ ಬಂದ ದಿನ ಟೈಪ್ ಮಾಡುತ್ತಾ ಹೋದರೆ ಮೊದಲ ತಿದ್ದುಪಡಿಯೂ ಆದಂತಾಗುತ್ತದೆ. ಫೈಲನ್ನು ಮೂರು ಕಡೆ ಇಡಿ: ಕಂಪ್ಯೂಟರ್, ಪೆನ್‌ಡ್ರೈವ್, ನಿಮ್ಮ ಇಮೇಲ್.

ಮನೆಯವರ ಜೊತೆ ಒಂದು ಒಪ್ಪಂದ ಅಗತ್ಯ. ‘ಬೆಳಗ್ಗೆ ಐದೂವರೆಯಿಂದ ಏಳರವರೆಗೆ ನನ್ನನ್ನು ಕರೀಬೇಡಿ’ ಅಂತ ಬಾಯಿಬಿಟ್ಟು ಹೇಳಿ. ಹೆಣ್ಣುಮಕ್ಕಳಿಗೆ ಈ ಒಂದೂವರೆ ಗಂಟೆ ಸಿಗುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಲು, ತಿಂಡಿ, ಮಕ್ಕಳ ಸ್ಕೂಲು ಎಲ್ಲ ಅದೇ ಹೊತ್ತಿಗೆ. ಹಾಗಾದರೆ ಮಧ್ಯಾಹ್ನದ ಒಂದು ಗಂಟೆಯನ್ನಾದರೂ ಪಟ್ಟು ಹಿಡಿದು ಪಡೆಯಿರಿ. ಉಳಿದವರು ಬರವಣಿಗೆಯನ್ನು ಕೆಲಸ ಅಂತ ಒಪ್ಪುವುದು, ನೀವು ಅದನ್ನು ಕೆಲಸ ಅಂತ ಕರೆದ ಮೇಲೆಯೇ.

ತಿದ್ದುವುದು

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಮೂರು ಸಲ ಓದಿ. ಒಂದು ಸಲ ನಿಯಮಕ್ಕಾಗಿ: ನೂಲಿನ ಶಾಪ ಎಲ್ಲ ಕಡೆ ಒಂದೇ ಥರ ನಡೆದಿದೆಯಾ? ಇನ್ನೊಂದು ಸಲ ದೂರ ಮತ್ತು ಮಳೆಗಾಗಿ. ಕೊನೆಯದು ಮಾತಿಗಾಗಿ.

ಓದಿ ಹೇಳುವುದಕ್ಕೆ ಇಬ್ಬರು ಸಾಕು. ಒಬ್ಬರು ಫ್ಯಾಂಟಸಿ ತುಂಬಾ ಓದಿದವರು, ಇನ್ನೊಬ್ಬರು ಅದನ್ನು ಮುಟ್ಟಿಯೂ ನೋಡದವರು. ಎರಡನೆಯವರ ಮಾತಿಗೆ ಜಾಸ್ತಿ ಬೆಲೆ ಕೊಡಿ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಯಾವ ಪುಟದಲ್ಲಿ ಪುಸ್ತಕ ಕೆಳಗಿಟ್ಟಿರಿ?’ ಅಂತ ಕೇಳಿ.

ಕಾದಂಬರಿಗೆ ಮುಂಚೆ ಅದೇ ಲೋಕದ ಒಂದು ಸಣ್ಣಕಥೆ ಬರೆದು ಸುಧಾ, ತರಂಗ, ಮಯೂರದಂಥ ಪತ್ರಿಕೆಗೋ ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಗೋ ಕಳಿಸಿ. ನಿಮ್ಮ ನಿಯಮ ಎಂಟು ಪುಟದಲ್ಲಿ ನಿಲ್ಲದಿದ್ದರೆ ಮುನ್ನೂರು ಪುಟದಲ್ಲೂ ನಿಲ್ಲುವುದಿಲ್ಲ.

ಪುಸ್ತಕವಾಗುವುದು

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಪುಟ ಜೋಡಿಸುವ ಡಿಟಿಪಿಯವರು ಅದನ್ನು ತಮ್ಮ ಫಾಂಟಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಕೆಡುವುದುಂಟು. ನೀವೇ ಕಟ್ಟಿದ ಹೆಸರುಗಳನ್ನು ಅವರು ಅಚ್ಚಿನ ತಪ್ಪು ಅಂದುಕೊಂಡು ತಿದ್ದಿಬಿಡಬಹುದು. ಆದ್ದರಿಂದ ಎಲ್ಲ ಹೆಸರುಗಳ ಪಟ್ಟಿಯನ್ನು ಹಸ್ತಪ್ರತಿಯ ಜೊತೆಗೇ ಕೊಡಿ. ಕೊನೆಯ ಕರಡನ್ನು ಕಾಗದದ ಮೇಲೆ ನೀವೇ ಓದಿ. ಪುಟಗಳು 16ರ ಲೆಕ್ಕದಲ್ಲಿ, ಅಂದರೆ ಫಾರಂ ಲೆಕ್ಕದಲ್ಲಿ ಅಚ್ಚಾಗುತ್ತವೆ. ಎರಡು ಪುಟ ಹೆಚ್ಚಾಗಿ ಹೊಸ ಫಾರಂ ಶುರುವಾಗುವುದಾದರೆ ಆ ಎರಡು ಪುಟ ಕತ್ತರಿಸುವುದೇ ಮೇಲು.

ಪ್ರಕಾಶಕರಿಗೆ ಕಳಿಸುವಾಗ ಒಂದು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ ಸಾಕು. ಸಾರಾಂಶದಲ್ಲಿ ಅಂತ್ಯವನ್ನು ಬಚ್ಚಿಡಬೇಡಿ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಯೋಜನೆ ಇದೆ, ಅರ್ಜಿ ಕರೆದಾಗ ವಯಸ್ಸಿನ ಮಿತಿ ನೋಡಿಕೊಂಡು ಅರ್ಜಿ ಹಾಕಿ. ಸ್ವಂತ ಪ್ರಕಟಣೆಯಾದರೆ ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ಬೇಕು. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ದುಡ್ಡು ಕೊಟ್ಟು ಯಾರಿಂದಲೂ ಕೊಳ್ಳಬೇಡಿ.

ಇನ್ನು ಕರಾರುಪತ್ರ. ನಮ್ಮಲ್ಲಿ ಬಹಳಷ್ಟು ಪುಸ್ತಕಗಳು ಬಾಯಿಮಾತಿನ ಮೇಲೆ ಬರುತ್ತವೆ. ಪರಿಚಯದವರು, ದೊಡ್ಡವರು, ಕೇಳುವುದು ಹೇಗೆ ಅನ್ನುವ ಸಂಕೋಚ. ಕೇಳಲೇಬೇಕು. ಕೃತಿಸ್ವಾಮ್ಯ ಹುಟ್ಟುವುದು ನೀವು ಬರೆದ ಕ್ಷಣದಿಂದ, ನೋಂದಣಿ ಕಡ್ಡಾಯವಲ್ಲ. 1957ರ ಕಾಯ್ದೆಯ ಪ್ರಕಾರ ಅದು ನಿಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತದ ಮಟ್ಟಿಗೆ ಅಂತ. ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ 10ರ ಆಸುಪಾಸು. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಾಟವಾಯಿತು ಅಂತ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು ಅನ್ನುವ ಸಾಲು ಕರಾರಿನಲ್ಲಿರಲಿ.

ಫ್ಯಾಂಟಸಿ ಬರೆಯುವವರು ಇನ್ನೊಂದು ವಿಷಯ ಗಮನಿಸಬೇಕು. ನಿಮ್ಮ ಲೋಕಕ್ಕೆ ಪುಸ್ತಕದ ಹೊರಗೂ ಬೇಡಿಕೆ ಬರಬಹುದು. ಆಡಿಯೋ, ಅನುವಾದ, ಸಿನಿಮಾ, ಕಾಮಿಕ್ಸ್, ಎರಡನೆಯ ಭಾಗ. ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಸಿ. ‘ಎಲ್ಲ ಹಕ್ಕುಗಳು ಪ್ರಕಾಶಕರವು’ ಅನ್ನುವ ಒಂದೇ ಸಾಲಿಗೆ ಸಹಿ ಹಾಕಬೇಡಿ. ಅನುವಾದದ ಹಕ್ಕು ದೂರದ ಮಾತು ಅಂತ ಬಿಟ್ಟುಕೊಡುವವರು 2025ರ ಅಂತರರಾಷ್ಟ್ರೀಯ ಬೂಕರ್ ನೆನಪಿಸಿಕೊಳ್ಳಲಿ. ಹಾಸನದ ಬಾನು ಮುಷ್ತಾಕ್ ಅವರಿಗೂ ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರಿಗೂ 50 ಸಾವಿರ ಪೌಂಡಿನ ಬಹುಮಾನ ಸಮನಾಗಿ ಹಂಚಿಕೆಯಾಯಿತು. ಎರಡನೆಯ ಭಾಗ ಬರೆಯುವ ಉದ್ದೇಶ ಇದ್ದರೆ ಪಾತ್ರ, ಸ್ಥಳ, ನಕ್ಷೆಗಳ ಮೇಲಿನ ಹಕ್ಕು ನಿಮ್ಮದೇ ಅಂತ ಪ್ರತ್ಯೇಕ ಸಾಲು ಹಾಕಿಸಿ. ಸಹಿ ಮಾಡುವ ಮುಂಚೆ ಪರಿಚಯದ ವಕೀಲರೊಬ್ಬರಿಗೆ ಒಮ್ಮೆ ತೋರಿಸಿ, ಸಹಿಯಾದ ಪ್ರತಿಯೊಂದನ್ನು ಅಲ್ಲೇ ಕೇಳಿ ತಗೊಂಡು ಬನ್ನಿ.